ಮೂರು ಅಕ್ಷರ ಬರೆಯುವ ಮುನ್ನ

ನಮ್ಮ ಕಾಲೇಜಿನ ಅನೇಕರ ಮನೆಗಳಲ್ಲಿ ಹೊರದೇಶದ ಗಿರಾಕಿಗೆ ಇಂಗ್ಲಿಷಿನಲ್ಲಿ ಇಮೇಲ್ ಬರೆಯುವವರು ಅಬ್ಬಾ ಅಲ್ಲ, ಮಾಮೂ ಅಲ್ಲ, ಮಕ್ಕಳಾದ ನಾವು. ಲೇತ್ ಮೇಲೆ ಗೊಂಬೆ ಕಡೆಯುವ ಕೈಗೆ ಕೀಬೋರ್ಡ್ ಒಗ್ಗುವುದಿಲ್ಲ ಎಂದು ಹಿರಿಯರು ಮೊಬೈಲನ್ನು ನಮ್ಮ ಕಡೆ ತಳ್ಳುತ್ತಾರೆ. ಬೆಲೆ ಅವರು ಹೇಳುತ್ತಾರೆ, ಎಷ್ಟು ಡಜನ್ ಎಂದು ಅವರು ಹೇಳುತ್ತಾರೆ, ಯಾವ ದಿನಕ್ಕೆ ತಯಾರು ಎಂದೂ ಅವರೇ ಹೇಳುತ್ತಾರೆ. ಆದರೆ ಪ್ರೊಫಾರ್ಮಾ ಇನ್‌ವಾಯ್ಸಿನಲ್ಲಿ 'ಡೆಲಿವರಿ ಟರ್ಮ್ಸ್' ಎಂಬ ಒಂದು ಚಿಕ್ಕ ಖಾನೆ ಇರುತ್ತದೆ. ಅಲ್ಲಿ ಏನು ಬರೆಯಬೇಕು ಎಂದು ಯಾರೂ ಹೇಳುವುದಿಲ್ಲ. ಹಳೆಯ ಇನ್‌ವಾಯ್ಸಿನಲ್ಲಿ ಏನಿತ್ತೋ ಅದೇ ಹೊಸದಕ್ಕೂ ಇಳಿಯುತ್ತದೆ. ನಮ್ಮ ಚನ್ನಪಟ್ಟಣದಲ್ಲಿ ಅದು ಸಾಮಾನ್ಯವಾಗಿ 'ಎಫ್‌ಒಬಿ ಚೆನ್ನೈ'.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಮುದ್ರದಿಂದ ಇಷ್ಟು ದೂರದ ಊರಿನಿಂದ ರಟ್ಟಿನ ಪೆಟ್ಟಿಗೆಗಳಲ್ಲಿ ಅಥವಾ ಕಂಟೇನರಿನಲ್ಲಿ ಸರಕು ಕಳಿಸುವವರು ಎಫ್‌ಒಬಿ ಬರೆಯುವುದನ್ನು ಬಿಡಬೇಕು, ಎಫ್‌ಸಿಎ ಬರೆಯಬೇಕು. ಏಕೆ ಎಂಬುದನ್ನು ನಾವು ವಾಣಿಜ್ಯ ವಿಭಾಗದವರು ಪರೀಕ್ಷೆಗಾಗಿ ಅಲ್ಲದಿದ್ದರೂ ಮನೆಗಾಗಿಯಾದರೂ ಕಲಿಯಬೇಕು.

ಈ ಮೂರು ಮೂರು ಅಕ್ಷರಗಳ ಸಂಕೇತಗಳಿಗೆ ಒಟ್ಟಾಗಿ ಇನ್‌ಕೋಟರ್ಮ್ಸ್ ಎಂದು ಹೆಸರು. ಪ್ಯಾರಿಸ್‌ನಲ್ಲಿರುವ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ ಇವನ್ನು ಮೊದಲು 1936ರಲ್ಲಿ ಪ್ರಕಟಿಸಿತು. (ಚಿಕ್ಕದಾಗಿ ಐಸಿಸಿ. ಹುಡುಗರು ಗಮನಿಸಿ, ಇದು ಕ್ರಿಕೆಟ್‌ನ ಐಸಿಸಿ ಅಲ್ಲ.) ಆಮೇಲೆ ಹಲವು ಬಾರಿ ಪರಿಷ್ಕರಿಸಿತು. ಈಗ ಚಾಲ್ತಿಯಲ್ಲಿರುವುದು 2020ರ ಆವೃತ್ತಿ. ಅದರಲ್ಲಿ 11 ಷರತ್ತುಗಳಿವೆ. ಏಳು ಯಾವ ಸಾಗಣೆಗೂ ಹೊಂದುವಂಥವು, ನಾಲ್ಕು ಹಡಗಿಗೆ ಮಾತ್ರ. ಎಫ್‌ಒಬಿ ಆ ನಾಲ್ಕರಲ್ಲಿ ಒಂದು. ಇವು ಸರ್ಕಾರದ ಕಾನೂನಲ್ಲ. ಮಾರುವವನೂ ಕೊಳ್ಳುವವನೂ ತಮ್ಮ ಕರಾರಿನಲ್ಲಿ ಬರೆದುಕೊಂಡರೆ ಮಾತ್ರ ಅನ್ವಯಿಸುತ್ತವೆ. ಹಾಗಾಗಿ ಸಂಕೇತ, ಸ್ಥಳ, ಆವೃತ್ತಿಯ ವರ್ಷ, ಮೂರನ್ನೂ ಬರೆಯಬೇಕು. ಬರಿಯ 'ಎಫ್‌ಒಬಿ' ಎಂದು ಬಿಟ್ಟರೆ ಅಮೆರಿಕದ ಗಿರಾಕಿ ಅದನ್ನು ತನ್ನ ದೇಶದ ಹಳೆಯ ರೂಢಿಯಂತೆ ಓದಬಹುದು. ಅಲ್ಲಿ ಲಾರಿಯಲ್ಲಿ ಹೋಗುವ ಸರಕಿಗೂ, ಹಡಗೇ ಇಲ್ಲದ ಊರಿಗೂ ಎಫ್‌ಒಬಿ ಎನ್ನುತ್ತಾರೆ.

ಈ ಷರತ್ತುಗಳು ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಹಣ ಯಾವಾಗ ಕೊಡಬೇಕು, ಸರಕಿನ ಒಡೆತನ ಯಾವಾಗ ಬದಲಾಗುತ್ತದೆ, ಮಾತು ತಪ್ಪಿದರೆ ದಂಡ ಏನು ಎಂಬುದನ್ನು ಇವು ಮುಟ್ಟುವುದೇ ಇಲ್ಲ. ಇವು ಉತ್ತರಿಸುವುದು ಮುಖ್ಯವಾಗಿ ಎರಡು ಪ್ರಶ್ನೆಗಳಿಗೆ. ದಾರಿಯ ಖರ್ಚು ಎಲ್ಲಿಯವರೆಗೆ ಯಾರದು? ದಾರಿಯಲ್ಲಿ ಸರಕು ಹಾಳಾದರೆ ಎಲ್ಲಿಯವರೆಗೆ ಯಾರ ತಲೆಯ ಮೇಲೆ? ಸುಂಕದ ಕಾಗದಪತ್ರ ಯಾರು ಮಾಡಿಸಬೇಕು ಎಂಬುದು ಮೂರನೆಯದು.

ಎರಡನೆಯ ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಂದು ಮಾತಿದೆ: ಜಿಮ್ಮಾ. 'ಯೇ ಕಿಸ್ ಕಾ ಜಿಮ್ಮಾ?' ಎಂದರೆ ಇದು ಯಾರ ಹೊಣೆ ಎಂದು. ಲೆಕ್ಕಶಾಸ್ತ್ರದ ತರಗತಿಯಲ್ಲಿ ಕನ್ನಡ ಮಾಧ್ಯಮದ ಗೆಳತಿಯರು ಜವಾಬ್ದಾರಿ, ಜಾಮೀನು, ಕರಾರು, ಖರೀದಿ, ರವಾನೆ, ವಸೂಲಿ, ಬಾಕಿ ಎಂದು ಬರೆಯುವಾಗ ನನಗೆ ಒಳಗೊಳಗೇ ನಗು ಬರುತ್ತದೆ. ಇವೆಲ್ಲ ನಮ್ಮ ಮನೆಯ ಅಡುಗೆಮನೆಯಲ್ಲೂ ಓಡಾಡುವ ಮಾತುಗಳು. ವ್ಯಾಪಾರದ ಕನ್ನಡಕ್ಕೂ ವ್ಯಾಪಾರದ ಉರ್ದುವಿಗೂ ನಡುವೆ ಗೋಡೆ ಅಷ್ಟು ಎತ್ತರವಿಲ್ಲ. ದೀನಿಯಾತ್ ತರಗತಿಯಲ್ಲಿ ಕೇಳಿದ 'ಕಬ್ಜಾ' ಕೂಡ ಹಾಗೆಯೇ. ಕೊಂಡವನು ಕಬ್ಜೆಗೆ ತೆಗೆದುಕೊಳ್ಳುವ ಮುನ್ನ ಸರಕು ನಾಶವಾದರೆ ನಷ್ಟ ಮಾರಿದವನದು ಎಂಬುದು ಹನಫಿ ಫಿಕ್‌ಹ್‌ನ ನಿಲುವು. ನಮ್ಮ ದೇಶದ 1930ರ ಸರಕು ಮಾರಾಟ ಕಾಯ್ದೆ ಬೇರೆ ದಾರಿ ಹಿಡಿಯುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಒಡೆತನ ಎತ್ತ ಹೋಗುತ್ತದೋ ನಷ್ಟವೂ ಅತ್ತ ಎನ್ನುತ್ತದೆ ಅದರ 26ನೇ ಕಲಂ. ಇನ್‌ಕೋಟರ್ಮ್ಸ್ ಮೂರನೆಯ ದಾರಿ: ಹೊಣೆ ಯಾವ ಜಾಗದಲ್ಲಿ ಕೈ ಬದಲಾಗಬೇಕೋ ಆ ಜಾಗವನ್ನು ನೀವೇ ಆರಿಸಿ ಬರೆಯಿರಿ ಎನ್ನುತ್ತದೆ. ಆರಿಸುವ ಹಕ್ಕು ನಮಗಿದೆ. ಆದರೆ ನಾವು ಆರಿಸುವುದಿಲ್ಲ, ನಕಲು ಮಾಡುತ್ತೇವೆ. ನನ್ನ ಸಿಟ್ಟು ಅದರ ಮೇಲೆ.

ಎಫ್‌ಒಬಿ ಅಂದರೆ ಫ್ರೀ ಆನ್ ಬೋರ್ಡ್. ಕೊಳ್ಳುವವನು ಗೊತ್ತುಮಾಡಿದ ಹಡಗಿನ ಮೇಲೆ ಸರಕು ಏರುವವರೆಗೆ ಖರ್ಚೂ ಮಾರುವವನದು, ಹೊಣೆಯೂ ಮಾರುವವನದು. ಹಿಂದೆ ಈ ಗೆರೆ ಇನ್ನೂ ವಿಚಿತ್ರವಾಗಿತ್ತು. ಹಡಗಿನ ಅಂಚಿನ ಕಟಕಟೆಯನ್ನು ಸರಕು ದಾಟಿತೇ ಇಲ್ಲವೇ ಎಂಬುದರ ಮೇಲೆ ನಿಂತಿತ್ತು. ಈ ಬಗ್ಗೆ ಇಂಗ್ಲೆಂಡಿನಲ್ಲಿ 1954ರಲ್ಲಿ ತೀರ್ಪಾದ ಒಂದು ಮೊಕದ್ದಮೆ ಇದೆ, ಅದರಲ್ಲಿ ಕೊಂಡವರು ನಮ್ಮ ಭಾರತ ಸರ್ಕಾರ! ಪೈರೀನ್ ಎಂಬ ಕಂಪನಿ ಭಾರತ ಸರ್ಕಾರಕ್ಕೆ ಬೆಂಕಿ ಆರಿಸುವ ವಾಹನವನ್ನು ಎಫ್‌ಒಬಿ ಲಂಡನ್ ಷರತ್ತಿನಲ್ಲಿ ಮಾರಿತ್ತು. ಸಿಂಧಿಯಾ ಕಂಪನಿಯ ಹಡಗು ಅದನ್ನು ಎತ್ತಿಕೊಳ್ಳುವಾಗ ವಾಹನ ಕಟಕಟೆ ದಾಟುವ ಮುಂಚೆಯೇ ಕೆಳಗೆ ಬಿತ್ತು. ದಾಟಿರಲಿಲ್ಲವಾದ್ದರಿಂದ ನಷ್ಟ ಮಾರಿದವನ ಪಾಲಿಗೆ. ರಿಪೇರಿಗೆ 966 ಪೌಂಡ್ ಖರ್ಚಾಯಿತು. ಹಡಗು ಕಂಪನಿಯಿಂದ ಪೈರೀನ್‌ಗೆ ಸಿಕ್ಕಿದ್ದು 200 ಪೌಂಡ್ ಮಾತ್ರ, ಏಕೆಂದರೆ ಹಡಗಿನವರ ಹೊಣೆಗೆ ಅಷ್ಟೇ ಮಿತಿ ಇತ್ತು. ಕ್ರೇನಿನ ತುದಿಯಲ್ಲಿ ಸರಕು ತೂಗಾಡಿದಂತೆ ಹೊಣೆಯೂ ಅತ್ತಿತ್ತ ತೂಗಾಡುವ ಈ ನೋಟವನ್ನು ನ್ಯಾಯಾಧೀಶ ಡೆವ್ಲಿನ್ ಅವರೇ ಗೇಲಿ ಮಾಡಿದ್ದರು. ಆದರೂ ಕಟಕಟೆಯ ನಿಯಮ ಹೋಗಲು 2010ರ ಆವೃತ್ತಿ ಬರಬೇಕಾಯಿತು. ಈಗ ಸರಕು ಹಡಗಿನ ಮೇಲೆ ಇಳಿದ ಮೇಲೆ ಹೊಣೆ ಬದಲಾಗುತ್ತದೆ.

ಗೆರೆ ಕಟಕಟೆಯಿಂದ ಹಡಗಿನ ಮೇಲಕ್ಕೆ ಸರಿಯಿತು, ಸರಿ. ಆದರೆ ನಮ್ಮ ಸಮಸ್ಯೆ ಆ ನಾಲ್ಕು ಅಡಿಯದ್ದಲ್ಲ. ಲಾರಿಯಿಂದ ಇಳಿಸಿದ ಮೇಲೆ ಹಡಗು ಹತ್ತುವವರೆಗಿನ ದಿನಗಳದ್ದು. ಹಿಂದಿನ ಕಾಲದಲ್ಲಿ ಮಾರುವವನ ಆಳು ಹಡಗಿನ ಪಕ್ಕದವರೆಗೂ ಮೂಟೆಯ ಜೊತೆ ಹೋಗುತ್ತಿದ್ದ. ಈಗ ಯಾರು ಹೋಗುತ್ತಾರೆ? ನಮ್ಮ ಪೆಟ್ಟಿಗೆಗಳು ಒಂದು ಗೋದಾಮಿಗೆ ಹೋಗುತ್ತವೆ. ಒಂದು ಕಂಟೇನರ್ ತುಂಬುವಷ್ಟು ಮಾಲು ನಮ್ಮದಿಲ್ಲ, ಹಾಗಾಗಿ ಹತ್ತು ಜನರ ಮಾಲಿನ ಜೊತೆ ಸೇರಿಸಿ ತುಂಬುತ್ತಾರೆ. ಆಮೇಲೆ ಬಂದರಿನ ಯಾರ್ಡಿನಲ್ಲಿ ಸರದಿ. ಈ ಅಷ್ಟೂ ದಿನ ಪೆಟ್ಟಿಗೆ ಎಲ್ಲಿದೆ ಎಂದು ಮಾರುವವನಿಗೆ ಗೊತ್ತಿಲ್ಲ, ಮುಟ್ಟಲು ಅವನಿಗೆ ಅಪ್ಪಣೆ ಇಲ್ಲ, ಆದರೆ ಎಫ್‌ಒಬಿ ಪ್ರಕಾರ ಹೊಣೆ ಮಾತ್ರ ಅವನದೇ.

ಇದು ಪುಸ್ತಕದ ಮಾತಲ್ಲ. ನನ್ನ ಮಾಮೂ ಹೋದ ವರ್ಷ ಅಕ್ಟೋಬರಿನಲ್ಲಿ ಯೂರೋಪಿನ ಒಬ್ಬ ಗಿರಾಕಿಗೆ 42 ಪೆಟ್ಟಿಗೆ ಗೊಂಬೆ ಕಳಿಸಿದರು. ಹಾಲೆ ಮರದ ಗಿಲಕಿ, ಬುಗುರಿ, ಮಣಿಚೌಕಟ್ಟು. ಮಾಮೂ, ಮುಮಾನಿ, ಇಬ್ಬರು ಕೆಲಸಗಾರರು ಸೇರಿ ಎರಡು ತಿಂಗಳು ಮಾಡಿದ ಕೆಲಸ. ಇನ್‌ವಾಯ್ಸ್ ತಯಾರಿಸಿದ್ದು ಬಸ್ ನಿಲ್ದಾಣದ ಹತ್ತಿರದ ಒಂದು ಡಿಟಿಪಿ ಅಂಗಡಿಯವರು, ತಮ್ಮಲ್ಲಿದ್ದ ನಮೂನೆಯಿಂದ. ಅದರಲ್ಲಿ 'ಎಫ್‌ಒಬಿ ಚೆನ್ನೈ' ಎಂದಿತ್ತು. ಗಿರಾಕಿಯೇ ಗೊತ್ತುಮಾಡಿದ ಸಾಗಣೆ ಏಜೆಂಟ್ ಹೇಳಿದ ಗೋದಾಮಿಗೆ ಲಾರಿ ಹೋಯಿತು, ರಸೀದಿ ಬಂತು, ಮಾಮೂ ನೆಮ್ಮದಿಯಾದರು. ಹಡಗು ಎಂಟು ದಿನ ತಡವಾಯಿತು. ಚೆನ್ನೈನಲ್ಲಿ ಅಕ್ಟೋಬರ್ ಎಂದರೆ ಹಿಂಗಾರು. ಗೋದಾಮಿನೊಳಗೆ ನೀರು ಬಂದು ಕೆಳಸಾಲಿನ 11 ಪೆಟ್ಟಿಗೆ ನೆಂದವು. ಕಂಟೇನರಿಗೆ ತುಂಬುವ ಮುಂಚೆ ಏಜೆಂಟನ ಜನ ಫೋಟೊ ತೆಗೆದು ಗಿರಾಕಿಗೆ ಕಳಿಸಿದರು. ಅರಗಿನ ಬಣ್ಣಕ್ಕೆ ತೇವ ಶತ್ರು, ಹೊಳಪು ಹೋಗಿ ಬಿಳಿಚಿಕೊಳ್ಳುತ್ತದೆ. ಗಿರಾಕಿ ಆ 11 ಪೆಟ್ಟಿಗೆ ಬೇಡ ಎಂದ, ಹಣ ಕಡಿತ ಮಾಡಿದ. 63,000 ರೂಪಾಯಿ.

ಮಾಮೂ ಹೇಳಿದ್ದು ಒಂದೇ ಮಾತು: 'ಅಪನೇ ಹಾತ್ ಮೇ ನಹೀಂ ಥಾ, ಫಿರ್ ಅಪನಾ ಜಿಮ್ಮಾ ಕೈಸಾ?' ನಮ್ಮ ಕೈಯಲ್ಲೇ ಇರಲಿಲ್ಲ, ನಮ್ಮ ಹೊಣೆ ಹೇಗಾಯಿತು? ಏಜೆಂಟ್ ಗಿರಾಕಿಯವನು, ಗೋದಾಮು ಏಜೆಂಟ್ ಹೇಳಿದ್ದು, ರಸೀದಿ ಅವರೇ ಕೊಟ್ಟದ್ದು. ನ್ಯಾಯವಾದ ಪ್ರಶ್ನೆ. ಆದರೆ ಕಾಗದದ ಪ್ರಕಾರ ಗಿರಾಕಿಯ ಮಾತೇ ಸರಿ. ಸರಕು ಹಡಗು ಹತ್ತಿರಲಿಲ್ಲ. ಗಿರಾಕಿಯ ವಿಮೆಯೂ ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ ಎಫ್‌ಒಬಿಯಲ್ಲಿ ಕೊಳ್ಳುವವನು ಮಾಡಿಸುವ ವಿಮೆ ಸಾಮಾನ್ಯವಾಗಿ ಅವನ ಹೊಣೆ ಶುರುವಾಗುವ ಜಾಗದಿಂದ, ಅಂದರೆ ಹಡಗಿನಿಂದ ಶುರುವಾಗುತ್ತದೆ.

ಅದೇ ಖಾನೆಯಲ್ಲಿ 'ಎಫ್‌ಸಿಎ' ಎಂದೂ, ಆ ಗೋದಾಮಿನ ಹೆಸರು, ಚೆನ್ನೈ, ಇನ್‌ಕೋಟರ್ಮ್ಸ್ 2020 ಎಂದೂ ಬರೆದಿದ್ದರೆ? ಎಫ್‌ಸಿಎ ಅಂದರೆ ಫ್ರೀ ಕ್ಯಾರಿಯರ್. ಕೊಳ್ಳುವವನು ಗೊತ್ತುಮಾಡಿದ ಸಾಗಣೆದಾರನಿಗೆ ಕರಾರಿನಲ್ಲಿ ಹೆಸರಿಸಿದ ಜಾಗದಲ್ಲಿ ಸರಕು ಒಪ್ಪಿಸಿದರೆ ಮಾರುವವನ ಕೆಲಸ ಮುಗಿಯಿತು. ಲಾರಿ ಗೋದಾಮಿನ ಬಾಗಿಲಿಗೆ ಬಂದು, ಇಳಿಸಲು ಸಿದ್ಧವಾಗಿ ನಿಂತ ಕ್ಷಣಕ್ಕೆ ಹೊಣೆ ಕೈ ಬದಲಾಗುತ್ತದೆ. ರಫ್ತಿನ ಸುಂಕದ ಕಾಗದ ಮಾಡಿಸುವ ಕೆಲಸ ಮಾತ್ರ ಮಾರುವವನಲ್ಲೇ ಉಳಿಯುತ್ತದೆ. ಚೆನ್ನೈವರೆಗೂ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಒಳನಾಡು ಕಂಟೇನರ್ ಡಿಪೊ ಇದೆ. ಅಲ್ಲೇ ಕಸ್ಟಮ್ಸ್ ಮುಗಿಸಿ ಕಂಟೇನರುಗಳು ರೈಲಿನಲ್ಲಿ ಚೆನ್ನೈ ಬಂದರಿಗೆ ಹೋಗುತ್ತವೆ. 'ಎಫ್‌ಸಿಎ ಐಸಿಡಿ ವೈಟ್‌ಫೀಲ್ಡ್' ಎಂದು ಬರೆದರೆ ನಮ್ಮ ಊರಿನವರ ಹೊಣೆ ಸುಮಾರು 80–90 ಕಿಲೋಮೀಟರಿಗೆ ಮುಗಿಯುತ್ತದೆ. ಎಫ್‌ಒಬಿ ಚೆನ್ನೈ ಎಂದರೆ ಅದರ ಮೇಲೆ ಇನ್ನೂ 300ಕ್ಕೂ ಹೆಚ್ಚು ಕಿಲೋಮೀಟರ್, ಜೊತೆಗೆ ಬಂದರಿನ ಕಾಯುವಿಕೆ. ಕಂಟೇನರಿನಲ್ಲಿ ಹೋಗುವ ಸರಕಿಗೆ ಎಫ್‌ಒಬಿ ಹೊಂದುವುದಿಲ್ಲ, ಎಫ್‌ಸಿಎ ಬಳಸಿ ಎಂದು ಐಸಿಸಿಯೇ ತನ್ನ ಟಿಪ್ಪಣಿಯಲ್ಲಿ ಹೇಳುತ್ತದೆ. ಆದರೂ ಪ್ರಪಂಚದ ಅರ್ಧ ಜನ ಎಫ್‌ಒಬಿ ಎನ್ನುತ್ತಲೇ ಇದ್ದಾರೆ. ಅಭ್ಯಾಸ ಅಷ್ಟು ಗಟ್ಟಿ.

ಇದಕ್ಕೊಂದು ಆಕ್ಷೇಪ ಇದೆ, ಅದು ಹಗುರವಾದದ್ದಲ್ಲ. ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಮೂಲಕ ಹಣ ಬರುವುದಾದರೆ ಬ್ಯಾಂಕು ಸರಕನ್ನು ನೋಡುವುದಿಲ್ಲ, ಕಾಗದವನ್ನು ನೋಡುತ್ತದೆ. 'ಸರಕು ಹಡಗಿಗೆ ಏರಿದೆ' ಎಂದು ಬರೆದ ಬಿಲ್ ಆಫ್ ಲೇಡಿಂಗ್ ಕೊಡಿ ಎನ್ನುತ್ತದೆ. ಎಫ್‌ಸಿಎ ಪ್ರಕಾರ ವೈಟ್‌ಫೀಲ್ಡಿನಲ್ಲಿ ಒಪ್ಪಿಸಿ ಮನೆಗೆ ಬಂದವನಿಗೆ ಆ ಕಾಗದ ಎಲ್ಲಿಂದ ಬರಬೇಕು? ಈ ತೊಡಕಿನಿಂದಲೇ ಅನೇಕರು ಎಫ್‌ಒಬಿಗೆ ಅಂಟಿಕೊಂಡಿದ್ದರು. 2020ರ ಆವೃತ್ತಿಯಲ್ಲಿ ಇದಕ್ಕೆ ದಾರಿ ಮಾಡಿದ್ದಾರೆ. ಎಫ್‌ಸಿಎ ಬರೆದೇ, ಹಡಗು ಹತ್ತಿದ ಮೇಲೆ ಅಂಥ ಬಿಲ್ ಅನ್ನು ಮಾರಿದವನಿಗೆ ಕೊಡುವಂತೆ ಕೊಳ್ಳುವವನು ಸಾಗಣೆದಾರನಿಗೆ ಸೂಚಿಸಬೇಕು ಎಂದು ಇಬ್ಬರೂ ಒಪ್ಪಿಕೊಳ್ಳಬಹುದು. ತಾನಾಗಿ ಆಗುವುದಿಲ್ಲ, ಕರಾರಿನಲ್ಲಿ ಒಂದು ವಾಕ್ಯ ಸೇರಿಸಬೇಕು. ಆ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆಯಬಲ್ಲವರು ಮನೆಯಲ್ಲಿ ಯಾರು? ಮೊದಲ ಪ್ಯಾರಾದಲ್ಲಿ ಹೇಳಿದ್ದೇನೆ.

'ಹಾಗಾದರೆ ಇನ್ನೂ ಸುಲಭದ್ದು ಇದೆಯಲ್ಲ' ಎಂದು ಕೆಲವರು ಕೇಳಬಹುದು. ಎಕ್ಸ್ ವರ್ಕ್ಸ್. ನಮ್ಮ ಬಾಗಿಲಲ್ಲಿ ಮಾಲು ಇಡುತ್ತೇವೆ, ಬಂದು ತೆಗೆದುಕೊಂಡು ಹೋಗು. ಕೇಳಲು ಸೊಗಸು. ಆದರೆ ಅದರಲ್ಲಿ ರಫ್ತಿನ ಕಾಗದವನ್ನೂ ಕೊಳ್ಳುವವನೇ ಮಾಡಿಸಬೇಕು. ಜರ್ಮನಿಯಲ್ಲಿ ಕೂತ ಅಂಗಡಿಯವಳು ನಮ್ಮ ದೇಶದ ಆಮದು–ರಫ್ತು ಸಂಕೇತ ಸಂಖ್ಯೆ ಇಲ್ಲದೆ ಇಲ್ಲಿ ಶಿಪ್ಪಿಂಗ್ ಬಿಲ್ ಹಾಕುವುದು ಹೇಗೆ? ಆಗ ನಡುವೆ ಒಬ್ಬ ವ್ಯಾಪಾರಿ ಬರುತ್ತಾನೆ. ರಫ್ತುದಾರ ಎಂದು ಕಾಗದದಲ್ಲಿ ಅವನ ಹೆಸರು ಬೀಳುತ್ತದೆ, ರಫ್ತಿಗೆ ಸರ್ಕಾರ ಕೊಡುವ ಸೌಲಭ್ಯವೂ ಅವನಿಗೇ ಸೇರುತ್ತದೆ, ಗೊಂಬೆ ಮಾಡಿದವನು ಬರಿಯ ಸರಬರಾಜುದಾರ ಆಗುತ್ತಾನೆ. ನಮ್ಮ ಊರಿನ ಬಹಳಷ್ಟು ಮಾಲು ಇಂದಿಗೂ ಹೀಗೆಯೇ ಬೇರೆಯವರ ಹೆಸರಿನಲ್ಲಿ ಹೊರಗೆ ಹೋಗುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಊರಿನ ಹೆಸರಿಗಿದೆ, ರಫ್ತುದಾರ ಎಂಬ ಹೆಸರು ಲೇತ್ ನಡೆಸುವವನಿಗಿಲ್ಲ.

ಇನ್ನು ಸಿಐಎಫ್. ನನ್ನ ತರಗತಿಯಲ್ಲಿ ಹತ್ತರಲ್ಲಿ ಎಂಟು ಜನ ಇದನ್ನು ತಪ್ಪಾಗಿ ತಿಳಿದಿದ್ದಾರೆ ಎಂದು ಧೈರ್ಯವಾಗಿ ಹೇಳಬಲ್ಲೆ, ಕೇಳಿ ನೋಡಿದ್ದೇನೆ. ಬೆಲೆ, ವಿಮೆ, ಹಡಗು ಬಾಡಿಗೆ ಮೂರನ್ನೂ ಮಾರುವವನು ಕಟ್ಟುತ್ತಾನೆ, ಆದ್ದರಿಂದ ಸರಕು ತಲುಪುವವರೆಗೆ ಹೊಣೆಯೂ ಅವನದೇ ಎಂದು ಅಂದುಕೊಳ್ಳುತ್ತಾರೆ. ಅಲ್ಲ. ಖರ್ಚು ತಲುಪುವ ಬಂದರಿನವರೆಗೆ ಅವನದು, ಹೊಣೆ ಮಾತ್ರ ಹೊರಡುವ ಬಂದರಿನಲ್ಲಿ ಹಡಗು ಹತ್ತಿದಾಗಲೇ ಕೊಳ್ಳುವವನಿಗೆ ಹೋಗಿಬಿಡುತ್ತದೆ. ಒಂದೇ ಷರತ್ತಿನಲ್ಲಿ ಎರಡು ಗೆರೆ.

2025ರ ಮೇ 25ರಂದು ಕೊಚ್ಚಿಯ ಹತ್ತಿರ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗನ್ನು ನೆನಪಿಸಿಕೊಳ್ಳಿ. ವಿಳಿಂಜಂನಿಂದ ಕೊಚ್ಚಿಗೆ ಬರುತ್ತಿತ್ತು, ಸುಮಾರು 640 ಕಂಟೇನರ್ ಇದ್ದವು, ಅವುಗಳಲ್ಲಿ ಗೋಡಂಬಿಯೂ ಇತ್ತು. 24 ಸಿಬ್ಬಂದಿ ಬದುಕಿದರು, ಅಲ್ಹಮ್ದುಲಿಲ್ಲಾಹ್. ಅಂಥ ಹಡಗಿನಲ್ಲಿ ಒಬ್ಬ ವ್ಯಾಪಾರಿ ಆಫ್ರಿಕಾದಿಂದ ಸಿಐಎಫ್ ಕೊಚ್ಚಿ ಷರತ್ತಿನಲ್ಲಿ ಹಸಿ ಗೋಡಂಬಿ ತರಿಸುತ್ತಿದ್ದ ಎಂದು ಊಹಿಸಿ. ಬಂದರು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಮುಳುಗಿದರೂ 'ಮಾಲು ಬರಲಿಲ್ಲ, ಹಣ ಕೊಡುವುದಿಲ್ಲ' ಎನ್ನುವಂತಿಲ್ಲ. ಸಾವಿರಾರು ಮೈಲಿ ಆಚೆ ಹಡಗು ಹತ್ತಿದ ದಿನದಿಂದ ಆ ಗೋಡಂಬಿಯ ಹೊಣೆ ಅವನದೇ. ಅವನಿಗೆ ಉಳಿದದ್ದು ಮಾರಿದವನು ಮಾಡಿಸಿದ ವಿಮೆ, ಮತ್ತು ಹಡಗಿನವರ ಮೇಲೆ ದಾವೆ.

ಆ ವಿಮೆ ಎಂಥದ್ದು ಎಂಬುದೂ ನೋಡಬೇಕು. ಕರಾರಿನ ಬೆಲೆಯ ಶೇ 110ರಷ್ಟು ಮೊತ್ತಕ್ಕೆ ಇರಬೇಕು ಎಂಬುದು ನಿಯಮ. ಆದರೆ ಸಿಐಎಫ್‌ನಲ್ಲಿ ಮಾರುವವನು ಕನಿಷ್ಠ ದರ್ಜೆಯ, ಅಂದರೆ 'ಸಿ' ದರ್ಜೆಯ ವಿಮೆ ಮಾಡಿಸಿದರೆ ಸಾಕು. ಹಡಗು ಮುಳುಗಿದರೆ, ಬೆಂಕಿ ಬಿದ್ದರೆ, ಡಿಕ್ಕಿಯಾದರೆ ಅದು ಕೊಡುತ್ತದೆ. ಕಳ್ಳತನವಾದರೆ, ಮಳೆ ನೀರಿಗೆ ನೆಂದರೆ ಕೊಡುವುದಿಲ್ಲ. ಗೊಂಬೆಗೆ ನಿಜವಾದ ಅಪಾಯ ಯಾವುದು? ನೀರೇ. ಸಿಐಪಿ ಎಂಬ ಷರತ್ತಿನಲ್ಲಿ 2020ರಿಂದ 'ಎ' ದರ್ಜೆಯ, ಹೆಚ್ಚುಕಡಿಮೆ ಎಲ್ಲ ಅಪಾಯಕ್ಕೂ ಅನ್ವಯಿಸುವ ವಿಮೆ ಕಡ್ಡಾಯ ಮಾಡಿದ್ದಾರೆ. ಒಂದು ಅಕ್ಷರ ವ್ಯತ್ಯಾಸ: ಸಿಐಎಫ್, ಸಿಐಪಿ.

ವಿಮೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2021ರ ಎವರ್ ಗಿವನ್ ಸಾಕು. ಮಾರ್ಚ್ 23ರಿಂದ 29ರವರೆಗೆ ಸೂಯೆಜ್ ಕಾಲುವೆಗೆ ಅಡ್ಡ ನಿಂತ ಹಡಗು. ಮೀಮ್‌ಗಳು ನೆನಪಿವೆ, ಆಗ ನಾವು ಮಿಡ್ಲ್ ಸ್ಕೂಲಿನಲ್ಲಿದ್ದೆವು. ಮೀಮ್‌ಗಳು ಮುಗಿದ ಮೇಲೂ ಈಜಿಪ್ಟ್ ಆ ಹಡಗನ್ನು ಜುಲೈವರೆಗೆ ಹಿಡಿದಿಟ್ಟಿತ್ತು. ಹಡಗಿನ ಮಾಲೀಕರು 'ಜನರಲ್ ಆವರೇಜ್' ಘೋಷಿಸಿದರು. ಇದು ಸಮುದ್ರ ವ್ಯಾಪಾರದ ಬಹಳ ಹಳೆಯ ನಿಯಮ. ಎಲ್ಲರನ್ನೂ ಉಳಿಸಲು ಆದ ಖರ್ಚನ್ನು ಹಡಗಿನಲ್ಲಿ ಮಾಲು ಇಟ್ಟ ಎಲ್ಲರೂ ಪಾಲು ಹಂಚಿಕೊಳ್ಳಬೇಕು. ನಿಮ್ಮ ಪೆಟ್ಟಿಗೆಗೆ ಒಂದು ಗೀರೂ ಬೀಳದಿದ್ದರೂ ಪಾಲು ಕೊಡದೆ ಮಾಲು ಬಿಡಿಸಿಕೊಳ್ಳಲಾಗದು. ವಿಮೆ ಇದ್ದವರ ಪರವಾಗಿ ವಿಮಾ ಕಂಪನಿ ಖಾತರಿ ಬರೆದುಕೊಡುತ್ತದೆ. ಇಲ್ಲದವರು ನಗದು ಇಡಬೇಕು.

ಇನ್ನೊಂದು ತುದಿಯಲ್ಲಿ ಡಿಡಿಪಿ. ಕೊಳ್ಳುವವನ ಬಾಗಿಲವರೆಗೆ, ಅವನ ದೇಶದ ಆಮದು ಸುಂಕವೂ ಸೇರಿ, ಎಲ್ಲ ಮಾರುವವನದೇ. ಆನ್‌ಲೈನ್‌ನಲ್ಲಿ ಗೊಂಬೆ, ಶಾಲು, ಅತ್ತರ್ ಮಾರುವ ನಮ್ಮ ಅಕ್ಕಂದಿರಿಗೆ ಇದು ಬಹಳ ಇಷ್ಟ. 'ನೀವು ಏನೂ ಹೆಚ್ಚು ಕಟ್ಟಬೇಕಿಲ್ಲ' ಎಂದರೆ ಗಿರಾಕಿ ಬೇಗ ಒಪ್ಪುತ್ತಾನೆ. ಆದರೆ ಸುಂಕ ನಮ್ಮ ಕೈಯಲ್ಲಿಲ್ಲ. ಅಮೆರಿಕವು 2025ರ ಆಗಸ್ಟ್ 7ರಂದು ಭಾರತದ ಬಹುತೇಕ ಸರಕಿಗೆ ಶೇ 25 ಹೆಚ್ಚುವರಿ ಸುಂಕ ಹಾಕಿತು, ಅದೇ ತಿಂಗಳ 27ರಂದು ಇನ್ನೂ 25 ಸೇರಿಸಿತು. 29ರಿಂದ 800 ಡಾಲರ್ ಒಳಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯೂ ಹೋಯಿತು. ನಮ್ಮ ಅಂಚೆ ಇಲಾಖೆ ಅಮೆರಿಕಕ್ಕೆ ಹೆಚ್ಚಿನ ಪಾರ್ಸೆಲ್ ಸ್ವೀಕರಿಸುವುದನ್ನೇ ಕೆಲಕಾಲ ನಿಲ್ಲಿಸಿತು. ಜುಲೈನಲ್ಲಿ ಡಿಡಿಪಿ ಬೆಲೆ ಹೇಳಿ ಸೆಪ್ಟೆಂಬರಿನಲ್ಲಿ ಮಾಲು ಕಳಿಸಬೇಕಿದ್ದವರ ಲೆಕ್ಕ ಹಾಕಿ ನೋಡಿ. 100 ರೂಪಾಯಿಯ ಮಾಲಿಗೆ 50 ರೂಪಾಯಿ ಸುಂಕ, ಅದೂ ಮಾರುವವನ ಕಿಸೆಯಿಂದ. ಎಫ್‌ಸಿಎ ಅಥವಾ ಡಿಎಪಿ ಬರೆದವರಿಗೂ ಆರ್ಡರ್ ಕಡಿಮೆಯಾಗಿರಬಹುದು, ಆದರೆ ಒಪ್ಪಿಕೊಂಡ ಆರ್ಡರಿನಲ್ಲಿ ಮನೆ ಮುಳುಗಿರಲಾರದು.

ಇಷ್ಟಾದ ಮೇಲೂ ನನ್ನ ಅಭಿಪ್ರಾಯಕ್ಕೆ ಎದುರು ನಿಲ್ಲುವ ಒಂದು ವಾದ ಇದೆ. 'ಮಾರುವಾಗ ಸಿಐಎಫ್, ಕೊಳ್ಳುವಾಗ ಎಫ್‌ಒಬಿ' ಎಂಬುದು ಬಲ್ಲ ವ್ಯಾಪಾರಿಗಳ ಮಾತು. ನಮ್ಮ ಕೇಂದ್ರ ಸರ್ಕಾರದ ಸ್ವಂತ ಸರಕಿನ ನೀತಿಯೂ ಬಹುಕಾಲದಿಂದ ಇದೇ: ಆಮದು ಎಫ್‌ಒಬಿ, ರಫ್ತು ಸಿಐಎಫ್ ಅಥವಾ ಅದರ ಹತ್ತಿರದ್ದು. ಎರಡೂ ಕಡೆ ಹಡಗನ್ನು ಗೊತ್ತುಮಾಡುವ ಹಕ್ಕು ನಮ್ಮಲ್ಲೇ ಇರಲಿ, ನಮ್ಮ ಹಡಗಿಗೆ ಬಾಡಿಗೆ ಸಿಗಲಿ, ವಿಮೆ ನಮ್ಮ ಕಂಪನಿಗೆ ಬರಲಿ ಎಂಬುದು ಅದರ ಹಿಂದಿನ ಲೆಕ್ಕ. ದೇಶದ ಮಟ್ಟಿಗೆ ಒಪ್ಪುವ ಮಾತು. ಎಫ್‌ಸಿಎ ಬರೆದಾಗ ಹಡಗು ಕೊಳ್ಳುವವನದು, ಬಾಡಿಗೆಯಲ್ಲಿ ಉಳಿಯುವ ಲಾಭವೂ ಅವನದು, ಇದು ನಿಜ.

ಆದರೆ 42 ಪೆಟ್ಟಿಗೆಯವನು ಹಡಗು ಕಂಪನಿಯ ಜೊತೆ ಚೌಕಾಶಿ ಮಾಡಲಾರ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದಾಗ ಬಾಡಿಗೆ ಏಕಾಏಕಿ ಏರಿತು. ಸಿಐಎಫ್ ಬೆಲೆ ಒಪ್ಪಿಕೊಂಡಿದ್ದ ಮಾರಾಟಗಾರರೇ ಆ ಏರಿಕೆ ಹೊರಬೇಕಾಯಿತು. ದೊಡ್ಡವರು ತಡೆದುಕೊಂಡರು. ಹಾಗಾಗಿ ಹಡಗಿನ ಬಾಡಿಗೆಯನ್ನು ನಿಭಾಯಿಸಲು ಬಲವಿದ್ದವರು ಸಿಐಎಫ್ ಅಥವಾ ಸಿಐಪಿ ಬರೆಯಲಿ. ನಾವು ಇನ್ನೂ ಅಲ್ಲಿಗೆ ಬಂದಿಲ್ಲ.

ಗಿರಾಕಿ ಒಪ್ಪದಿದ್ದರೆ? ಒಪ್ಪದೆಯೂ ಇರಬಹುದು. ಷರತ್ತು ಹಾಕುವವನು ಬಹಳ ಸಲ ಹಣ ಇರುವವನೇ. ಆಗ ಎಫ್‌ಒಬಿ ಬರೆದು, ನಮ್ಮ ಬಾಗಿಲಿನಿಂದ ಹಡಗಿನವರೆಗಿನ ದಾರಿಗೆ ಒಳನಾಡು ಸಾಗಣೆ ವಿಮೆಯನ್ನು ನಾವೇ ಮಾಡಿಸಿ, ಅದರ ಕಂತನ್ನು ಬೆಲೆಗೆ ಸೇರಿಸಬೇಕು. ಗೋದಾಮಿನಲ್ಲಿ ತಂಗುವ ದಿನಗಳೂ ಆ ವಿಮೆಯಲ್ಲಿ ಸೇರಿವೆಯೇ ಎಂದು ಕೇಳಿಯೇ ಹಣ ಕಟ್ಟಬೇಕು. ಸರಕು ಹೊರಟ ಕೂಡಲೇ ಗಿರಾಕಿಗೆ ತಿಳಿಸುವುದನ್ನೂ ಮರೆಯಬಾರದು. ಸಮುದ್ರ ದಾಟುವ ಸರಕಿನ ಬಗ್ಗೆ ಕೊಳ್ಳುವವನು ವಿಮೆ ಮಾಡಿಸಿಕೊಳ್ಳಲು ಆಗುವಂತೆ ಸೂಚನೆ ಕೊಡದಿದ್ದರೆ ಹಡಗಿನ ದಾರಿಯ ನಷ್ಟವೂ ಮಾರಿದವನ ಮೇಲೆ ಬೀಳಬಹುದು, ಸರಕು ಮಾರಾಟ ಕಾಯ್ದೆಯ 39ನೇ ಕಲಂನಲ್ಲಿ ಅದು ಇದೆ. ಒಂದು ವಾಟ್ಸ್ಆ್ಯಪ್ ಸಂದೇಶ, ಒಂದು ಇಮೇಲ್. ಅಷ್ಟು ಸಾಕು.

ನಮ್ಮ ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಅಂತರರಾಷ್ಟ್ರೀಯ ವ್ಯವಹಾರದ ಅಧ್ಯಾಯ ಇದೆ. ವಿಚಾರಣೆ, ಪ್ರೊಫಾರ್ಮಾ ಇನ್‌ವಾಯ್ಸ್, ಮೇಟ್ಸ್ ರಿಸೀಟ್, ಬಿಲ್ ಆಫ್ ಲೇಡಿಂಗ್ ಎಂದು ಹಂತ ಹಂತವಾಗಿ ಬಾಯಿಪಾಠ ಮಾಡಿ ಆರು ಅಂಕ ತೆಗೆದುಕೊಂಡು ಮುಂದೆ ಹೋಗುತ್ತೇವೆ. ಅದನ್ನು ಕಲಿಸುವ ಮೇಡಂ ಮೇಲೆ ನನಗೆ ದೂರಿಲ್ಲ, ಅವರು ಸಿಲೆಬಸ್ ಮುಗಿಸಬೇಕು. ಆದರೆ ಈ ಊರಿನ ಕಾಲೇಜಿನಲ್ಲಿ, ಲೇತ್ ಸದ್ದು ಕೇಳುತ್ತಾ ಬೆಳೆದ ಮಕ್ಕಳಿರುವ ತರಗತಿಯಲ್ಲಿ, ಆ ಅಧ್ಯಾಯವನ್ನು ಒಂದು ನಿಜವಾದ ಇನ್‌ವಾಯ್ಸ್ ಇಟ್ಟುಕೊಂಡು ಓದಬಾರದೇ? ರೇಷ್ಮೆ ವ್ಯಾಪಾರದವರ ಮಕ್ಕಳಿದ್ದಾರೆ, ಗಲ್ಫಿಗೆ ಹಣ್ಣು ತರಕಾರಿ ಕಳಿಸುವವರ ಮಕ್ಕಳಿದ್ದಾರೆ. ತರಕಾರಿ ವಿಮಾನದಲ್ಲಿ ಹೋಗುತ್ತದೆ, ಅದಕ್ಕೂ ಎಫ್‌ಒಬಿ ಬರೆದ ಕಾಗದ ನಾನು ನೋಡಿದ್ದೇನೆ. ವಿಮಾನಕ್ಕೆ ಯಾವ ಬಂದರು!

ವಾಣಿಜ್ಯ ಸಂಘದ ಸಂಚಾಲಕರಾದ ಸರ್ ಅವರನ್ನು ಕೇಳಿದ್ದೇನೆ. ಮುಂದಿನ ತಿಂಗಳ ಎರಡನೆಯ ಶನಿವಾರ, ಲೈಬ್ರರಿಯ ಪಕ್ಕದ ಕೊಠಡಿಯಲ್ಲಿ, ಜುಹರ್ ನಮಾಜಿನ ನಂತರ ಒಂದು ಗಂಟೆ ಕೂರಲು ಅನುಮತಿ ಕೊಟ್ಟಿದ್ದಾರೆ. ಮನೆಯಲ್ಲಿ ಹೊರದೇಶಕ್ಕೆ ಮಾಲು ಕಳಿಸುವವರಿದ್ದರೆ ಹಳೆಯ ಇನ್‌ವಾಯ್ಸಿನ ಒಂದು ಜೆರಾಕ್ಸ್ ತನ್ನಿ. ವಿಜ್ಞಾನ ವಿಭಾಗದವರೂ ಬರಬಹುದು, ಅಬ್ಬಾ ಮಾಮೂಗಳನ್ನು ಕರೆತಂದರೆ ಇನ್ನೂ ಒಳ್ಳೆಯದು. ಗಿರಾಕಿಯ ಹೆಸರು, ಬೆಲೆ, ಬ್ಯಾಂಕ್ ಖಾತೆಯ ಸಂಖ್ಯೆಗಳ ಮೇಲೆ ಕಾಗದ ಅಂಟಿಸಿ ತನ್ನಿ. ಡೆಲಿವರಿ ಟರ್ಮ್ಸ್ ಖಾನೆ ಮಾತ್ರ ಕಾಣುವಂತಿರಲಿ.